ಜಿಂಕೆ ಕ್ಯಾಂಪಿನಲ್ಲಿ ಮುದ್ದೆ, ಬಾಡಿನ ಸಾರು

ಚಿಂತಾಮಣಿಯಿಂದ ಅಮೆರಿಕದ ವಿಸ್ಕಾನ್ಸಿನ್‌ಗೆ ಹೊಸದಾಗಿ ಬಂದಿದ್ದೀರಿ, ಆಫೀಸಿನವರು ನವೆಂಬರಿನ ಜಿಂಕೆ ಬೇಟೆ ಕ್ಯಾಂಪಿಗೆ ಕರೆದಿದ್ದಾರೆ, ಒಂದು ರಾತ್ರಿಯ ಅಡುಗೆ ನಿಮ್ಮದು, ನಮ್ಮ ಕಡೆ ಬಾಡೂಟ ಅಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ. ಮಸಾಲೆ ಮನೆಯಿಂದಲೇ ರುಬ್ಬಿಕೊಂಡು ಹೋಗಬೇಕು, ಯಾವ ಮಾಂಸ ಯಾವುದಕ್ಕೆ ಅಂತ ಗೊತ್ತಿರಬೇಕು, ಅಷ್ಟೆ.

ಥ್ಯಾಂಕ್ಸ್‌ಗಿವಿಂಗ್‌ ಹಬ್ಬಕ್ಕೆ (ನವೆಂಬರಿನ ನಾಲ್ಕನೇ ಗುರುವಾರ) ಮುಂಚಿನ ಶನಿವಾರ ಬಂದೂಕಿನ ಸೀಸನ್ ಶುರು, ಒಂಬತ್ತು ದಿನ. ನಿಮ್ಮ ಸರದಿ ಮೊದಲನೇ ರಾತ್ರಿಯಾದರೆ ಅವತ್ತಿನ ಜಿಂಕೆಯಲ್ಲಿ ಸಾರು ಮಾಡಬೇಡಿ. ಸತ್ತ ಕೆಲವು ಗಂಟೆಗೆ ಮಾಂಸ ಸೆಟೆದುಕೊಳ್ಳುತ್ತೆ, ಸುಮಾರು ಒಂದು ದಿನ ನೇತುಹಾಕಿದ ಮೇಲೆ ಸಡಿಲವಾಗುತ್ತೆ. ಅವತ್ತಿಗೆ ಈಲಿ, ಗುಂಡಿಗೆ ತೆಳ್ಳಗೆ ಕೊಯ್ದು ಮೆಣಸು, ಬೆಳ್ಳುಳ್ಳಿ ಹಾಕಿ ಹುರಿಯಿರಿ. ಬೆನ್ನಿನ ಮೆತ್ತನೆ ಪಟ್ಟಿ, ಅವರು ಬ್ಯಾಕ್‌ಸ್ಟ್ರಾಪ್ ಅನ್ನೋದು, ಅದನ್ನು ಸಾರಿಗೆ ಹಾಕಿದರೆ ಕ್ಯಾಂಪಿನವರು ಕ್ಷಮಿಸಲ್ಲ. ಹಾಕಿದರೂ ಹಿಂಡಿದ ಹತ್ತಿಯಂತಾಗುತ್ತೆ. ಸಾರಿಗೆ ಕತ್ತು, ಮುಂಗಾಲು, ಮೀನಖಂಡ.

ಕುರಿ ಬಾಡಿನಲ್ಲಿ ಕೊಬ್ಬು ಹುಡುಕುತ್ತೇವೆ, ಇಲ್ಲಿ ಕೆರೆದು ಬಿಸಾಡಬೇಕು. ಜಿಂಕೆ ಕೊಬ್ಬು ಸ್ವಲ್ಪ ಆರಿದರೂ ಮೇಣದಂತೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತೆ, ವಾಸನೆಯೂ ಅದರದ್ದೇ. ಮೇಲಿನ ಬಿಳಿ ಪೊರೆಯನ್ನೂ ಚಾಕುವಿನಿಂದ ಎತ್ತಿ ತೆಗೆಯಿರಿ. ಗುಂಡು ಬಿದ್ದ ಜಾಗದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಸೀಸದ ಚೂರು ಕಣ್ಣಿಗೆ ಕಾಣಲ್ಲ.

ತಲೆಕಾಲು ಸಾರಿನ ಆಸೆಯಿದ್ದರೆ ಕಾಲು ಮಾತ್ರ ಸಾಕು, ತಲೆ ಬೇಡ. 2002ರಿಂದ ಈ ರಾಜ್ಯದ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಅನ್ನೋ ಮಿದುಳಿನ ರೋಗ ಇದೆ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ, ಆದರೆ ಎಷ್ಟು ಬೇಯಿಸಿದರೂ ಅದರ ಅಂಶ ಸಾಯಲ್ಲ. ಮಿದುಳು, ಬೆನ್ನುಹುರಿ ಮುಟ್ಟಬೇಡಿ. ಕತ್ತಿನ ಮಾಂಸವನ್ನು ಮೂಳೆ ಬಿಟ್ಟು ಬಿಡಿಸಿಕೊಳ್ಳಿ. ಪರೀಕ್ಷೆಗೆ ಕೊಟ್ಟರೆ ಫಲಿತಾಂಶ ಬರೋಕೆ ದಿನಗಳಾಗುತ್ತೆ. ಅದಕ್ಕೆ ಮೊದಲು ತಿನ್ನೋಕೆ ಮನಸ್ಸಿಲ್ಲದಿದ್ದರೆ ಎರಡು ಕೆಜಿ ಮೇಕೆ ಮಾಂಸ ಕೂಲರಿನಲ್ಲಿ ಒಯ್ಯಿರಿ. ಯಾರಿಗೂ ಬೇಟೆ ಸಿಗದಿದ್ದರೂ ಅದೇ ಗತಿ.

ಎರಡು ಕೆಜಿಗೆ ಮಸಾಲೆ: ಸುಟ್ಟ ಈರುಳ್ಳಿ ನಾಲ್ಕು, ಬೆಳ್ಳುಳ್ಳಿ ಎರಡು ಗೆಡ್ಡೆ, ಎರಡು ಇಂಚು ಶುಂಠಿ, ಧನಿಯಾ ಐದು ಚಮಚ, ಬ್ಯಾಡಗಿ ಪುಡಿ ಮೂರು, ಒಂದು ಬಟ್ಟಲು ಕಾಯಿತುರಿ, ಎರಡು ಚಮಚ ಹುರಿಗಡಲೆ, ಒಂದು ಚಮಚ ಗಸಗಸೆ, ಚಕ್ಕೆ, ಲವಂಗ. ನುಣ್ಣಗೆ ರುಬ್ಬಿ ಜಿಪ್ ಚೀಲದಲ್ಲಿ ಚಪ್ಪಟೆಯಾಗಿ ಹೆಪ್ಪುಗಟ್ಟಿಸಿ. ದಾರಿಯಲ್ಲಿ ಐಸಿನ ಕೆಲಸವನ್ನೂ ಮಾಡುತ್ತೆ. ಕೊಬ್ಬಿಲ್ಲದ ಮಾಂಸ, ಆದ್ದರಿಂದ ಎಣ್ಣೆ ಅರ್ಧ ಬಟ್ಟಲು. ಕುಕ್ಕರಿನಲ್ಲಿ ನಾಲ್ಕು ವಿಸಲ್, ಆಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ. ಇಂಡಿಯನ್ ಅಂಗಡಿಯಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಫ್ರೀಜರಿನಲ್ಲಿ ಇರೋದು ನಮ್ಮ ಅವರೆಕಾಳೇ. ನೆನೆಸಿ ಹಿತಕಿ ಕೊನೆಗೆ ಹಾಕಿ.

ಕಷ್ಟ ಇರೋದು ಮುದ್ದೆಯಲ್ಲಿ. ಬ್ಯೂಟೇನ್ ಸ್ಟವ್ ಸೊನ್ನೆ ಡಿಗ್ರಿಯ ಕೆಳಗೆ ಉರಿಯೋದು ಕಷ್ಟ. ಪ್ರೊಪೇನ್ ಆದರೂ ಸಣ್ಣ ಸಿಲಿಂಡರ್ ದೊಡ್ಡ ಉರಿಗೆ ತಾನೇ ತಣ್ಣಗಾಗಿ ಸೋಲುತ್ತೆ, ಇಪ್ಪತ್ತು ಪೌಂಡಿನದ್ದು ಇರಲಿ. ಟೆಂಟಿನೊಳಗೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕುದಿಯೋ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಹಾಕಿ, ಉಕ್ಕಿದಾಗ ಮಿಕ್ಕಿದ್ದನ್ನು ನಡುವೆ ಗುಡ್ಡೆ ಸುರಿಯಿರಿ, ಕೋಲಿನಿಂದ ತೂತು ಮಾಡಿ, ಕಲಕದೆ ಐದು ನಿಮಿಷ ಮುಚ್ಚಿ. ಮೊದಲೇ ಕಲಕಿದರೆ ಗಂಟು. ತೊಳಸುವಾಗ ಪಾತ್ರೆ ಸ್ಟವ್ ಮೇಲಿರಬಾರದು, ಕ್ಯಾಂಪ್ ಸ್ಟವ್ ಹಗುರ, ಮಗುಚಿಕೊಳ್ಳುತ್ತೆ. ಕವೆಗೋಲಿರಲ್ಲ, ಪಾತ್ರೆಯನ್ನು ನೆಲದ ಮೇಲೆ ಮಡಿಸಿದ ಕಂಬಳಿಗಿಟ್ಟು, ದಪ್ಪ ಗ್ಲೌಸ್ ಹಾಕಿದ ಒಬ್ಬರನ್ನು ಹಿಡಿಯೋಕೆ ಕೂರಿಸಿ. ಒಂದು ಸಲಕ್ಕೆ ನಾಲ್ಕೇ ಕಟ್ಟಿ, ಆ ಚಳಿಯಲ್ಲಿ ಬೇಗ ಗಟ್ಟಿಯಾಗುತ್ತೆ.

ಅಡುಗೆ ಮಾಡೋಕೆ ಲೈಸೆನ್ಸ್ ಬೇಡ. ಬಂದೂಕು ಮಾತ್ರ, ವೀಸಾದಲ್ಲಿರೋರು ಬೇಟೆ ಲೈಸೆನ್ಸ್ ಇಲ್ಲದೆ ಕೈಗೆತ್ತಿಕೊಳ್ಳಬೇಡಿ. ನೀರಿಗೆ, ಸೌದೆಗೆ ಹೊರಗೆ ಹೋದರೂ ಕಿತ್ತಳೆ ಬಣ್ಣದ ಜಾಕೆಟ್ ಮೈಮೇಲಿರಲಿ.