ಸರಿಯಾಗಿಯೇ ಓಡುತ್ತಿರುವ ಡಿಸ್ಕ್ ಡ್ರೈವರ್‌ನ (ಡಿಸ್ಕನ್ನು ನಡೆಸುವ ತಂತ್ರಾಂಶದ) ಕೋಡನ್ನು ಲಿನಕ್ಸ್‌ನಲ್ಲಿ ಮತ್ತೆ ಮತ್ತೆ ಶುಚಿಗೊಳಿಸುವುದೇಕೆ?

ಅಪರೂಪಕ್ಕೆ ಓಡುವ ದಾರಿಗಳಲ್ಲಿ ತಪ್ಪುಗಳು ಅಡಗಿರುತ್ತವೆ, ಅದಕ್ಕೆ. ದಿನನಿತ್ಯ ಓದು-ಬರಹ ನಡೆಸುವ ಕೋಡ್ ಎಲ್ಲರ ಯಂತ್ರದಲ್ಲೂ ಪರೀಕ್ಷೆಯಾಗುತ್ತದೆ. ಡಿಸ್ಕ್ ಶುರುವಾಗುವಾಗಲೇ ವಿಫಲವಾದರೆ ಓಡುವ ಕೋಡ್ ಹಾಗಲ್ಲ.

ಡ್ರೈವರ್ ಮೊದಲು ಮೆಮೊರಿ ಪಡೆಯುತ್ತದೆ, ಆಮೇಲೆ ಸಾಧನದ ರಿಜಿಸ್ಟರ್‌ಗಳನ್ನು (ಅದನ್ನು ನಿಯಂತ್ರಿಸುವ ಪುಟ್ಟ ಸಂಗ್ರಹ ಸ್ಥಾನಗಳನ್ನು) ಮೆಮೊರಿ ವಿಳಾಸಗಳಿಗೆ ಮ್ಯಾಪ್ ಮಾಡುತ್ತದೆ, ನಂತರ ಇಂಟರಪ್ಟ್ (ಸಾಧನವು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ನೋಂದಾಯಿಸುತ್ತದೆ. ಮೂರನೆಯದು ಕೈಕೊಟ್ಟರೆ ಮೊದಲ ಎರಡನ್ನು ಹಿಮ್ಮುಖ ಕ್ರಮದಲ್ಲಿ ಬಿಡಬೇಕು. ಈ ಬಿಡುಗಡೆಯನ್ನು ಪ್ರತಿ ಹಂತದಲ್ಲೂ ಬಿಡಿಬಿಡಿಯಾಗಿ ಬರೆದಿದ್ದರೆ, ಮುಂದೆ ಹೊಸ ಹಂತ ಸೇರಿಸುವವರು ಒಂದು ಕಡೆ ಮರೆತೇ ಮರೆಯುತ್ತಾರೆ. ಮೆಮೊರಿ ಸೋರುತ್ತದೆ, ಇಲ್ಲವೇ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟಿ ಕರ್ನಲ್ (ಲಿನಕ್ಸ್‌ನ ತಿರುಳು) ಕುಸಿಯುತ್ತದೆ. ಶುಚಿಗೊಳಿಸುವವರು ಅದನ್ನೆಲ್ಲ ಫಂಕ್ಷನ್‌ನ ಕೊನೆಗೆ ಒಂದೆಡೆ ತಂದು 'ಗೋಟು' (goto) ಆದೇಶದ ಮೂಲಕ ಅಲ್ಲಿಗೆ ಹಾರಿಸುತ್ತಾರೆ, ಅಥವಾ ಕರ್ನಲ್‌ನ 'ಡೆವ್‌ಎಂ' (devm) ಫಂಕ್ಷನ್‌ಗಳಿಗೆ ಒಪ್ಪಿಸುತ್ತಾರೆ. ಡೆವ್‌ಎಂ ಬಳಸಿದರೆ ಬಿಡುಗಡೆಯನ್ನು ಕರ್ನಲ್ಲೇ ನೋಡಿಕೊಳ್ಳುತ್ತದೆ.

ಆದರೆ ಡೆವ್‌ಎಂ ಅನ್ನು ಕಣ್ಣುಮುಚ್ಚಿ ಬಳಸಬಾರದು. ಡ್ರೈವರ್‌ನ ಸ್ವಂತ ಮುಕ್ತಾಯದ ಕೆಲಸ ಮುಗಿದ ಮೇಲಷ್ಟೇ ಆ ಬಿಡುಗಡೆ ನಡೆಯುವುದರಿಂದ, ನಡುವೆ ಇಂಟರಪ್ಟ್ ಬಂದು ಇಲ್ಲದ ದತ್ತಾಂಶವನ್ನು ಹುಡುಕಬಹುದು.

ಇನ್ನೊಂದು ಮಾತು: ಶುಚಿ ಮಾಡುವ ಪ್ಯಾಚ್‌ನಲ್ಲಿ (ಕೋಡ್ ತಿದ್ದುಪಡಿಯ ಒಂದು ಕಂತಿನಲ್ಲಿ) ಡ್ರೈವರ್‌ನ ವರ್ತನೆಯ ಬದಲಾವಣೆ ಬೆರೆಸಬೇಡಿ. ನಾಳೆ ದೋಷ ಕಂಡಾಗ ಯಾವ ಪ್ಯಾಚ್ ಕಾರಣವೆಂದು 'ಗಿಟ್ ಬೈಸೆಕ್ಟ್' (ದೋಷ ತಂದ ಬದಲಾವಣೆಯನ್ನು ಹುಡುಕುವ ಆದೇಶ) ತೋರಿಸಿದರೂ, ಅದರೊಳಗಿನ ಯಾವ ಸಾಲು ಎಂಬುದನ್ನು ನೀವೇ ಹುಡುಕಬೇಕಾಗುತ್ತದೆ.