ಪಿಯುಸಿ ನಂತರ ಒಂದು ವರ್ಷ ಬಿಟ್ಟರೆ ಸೀಟು ಸಿಗುತ್ತದೆಯೇ?

ಪ್ರಶ್ನೆ: ಮಗಳು ಈ ಸಲ ದ್ವಿತೀಯ ಪಿಯುಸಿ ಪಾಸಾದಳು. ಒಂದು ವರ್ಷ ಮನೆಯಲ್ಲೇ ಓದಿ ನೀಟ್, ಸಿಇಟಿ ಮತ್ತೆ ಬರೆಯುತ್ತಾಳಂತೆ. ಮುಂದೆ ಕಾಲೇಜಿನವರು ತಕರಾರು ಮಾಡುತ್ತಾರೆಯೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಧೈರ್ಯವಾಗಿ ಓದಿಸಿ. ಈ ಸೀಟುಗಳನ್ನು ಹಂಚುವುದು ರ‍್ಯಾಂಕ್ ನೋಡಿ; ವರ್ಷ ಬಿಟ್ಟದ್ದಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಐಐಟಿ ಆಸೆಯಿದ್ದರೆ ಮಾತ್ರ ಎಚ್ಚರ: ಜೆಇಇ ಅಡ್ವಾನ್ಸ್ಡ್ ಬರೆಯಲು ಸತತ 2 ವರ್ಷಗಳಲ್ಲಿ 2 ಅವಕಾಶಗಳಷ್ಟೇ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಗೆ ಶೇ 50 ಪಾಲಿದೆ. ಹಾಗಾಗಿ ಹಳೆಯ ಅಂಕ ಕಡಿಮೆಯಿದ್ದರೆ ಸಿಇಟಿ ಒಂದನ್ನೇ ಮತ್ತೆ ಬರೆದು ದೊಡ್ಡ ಜಿಗಿತ ನಿರೀಕ್ಷಿಸಬೇಡಿ.

ನಿಜವಾಗಿ ತೊಡಕಾಗುವುದು ಕಾಗದಪತ್ರದಲ್ಲಿ. ‘ಒಂದು ಕಡೆ ಇರಲಿ’ ಎಂದು ಬಿಎಸ್‌ಸಿಗೆ ಸೇರಿಸಿ ಮೂಲ ಟಿಸಿ, ಅಂಕಪಟ್ಟಿ ಕೊಟ್ಟುಬಿಟ್ಟರೆ ಕೌನ್ಸೆಲಿಂಗ್ ಹೊತ್ತಿಗೆ ಅವನ್ನು ಬಿಡಿಸಿಕೊಳ್ಳಲು ಅಲೆಯಬೇಕಾಗುತ್ತದೆ. ಟಿಸಿ, ವ್ಯಾಸಂಗ ಪ್ರಮಾಣಪತ್ರ ಈಗಲೇ ಪಡೆದು ಮನೆಯಲ್ಲಿಡಿ. ಕೆಲವು ಕಾಲೇಜುಗಳು ಖಾಲಿ ವರ್ಷಕ್ಕೆ ಅಫಿಡವಿಟ್ ಕೇಳುತ್ತವೆ. ಆ ಅವಧಿಯಲ್ಲಿ ಬೇರೆಲ್ಲೂ ದಾಖಲಾಗಿರಲಿಲ್ಲ ಎಂದು ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರಾಯಿತು. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿಯನ್ನೂ ಒಮ್ಮೆ ನೋಡಿಕೊಳ್ಳಿ.