ಹಸಿರು ಗೇಮ್ ಅಂತ ಮಗುವನ್ನು ಒಂಟಿಯಾಗಿ ಬಿಡಬಹುದಾ?

ಮಕ್ಕಳಿಗೆ ಕಲಿಕೆಯ ಗೇಮ್ ಮಾಡುವುದು ನನ್ನ ಕೆಲಸ. ಶಾಲೆಗೆ ರಜೆ ಬಿಟ್ಟರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಲ್ಟಿಪ್ಲೇಯರ್ ಅಂದರೇನು, ಫೋನಿಗೆ ಲಾಕ್ ಹಾಕೋದು ಹೇಗೆ ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದನ್ನು ನಿಮ್ಮ ಮಕ್ಕಳೇ ಹೇಳಿಕೊಡುತ್ತಾರೆ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಕಾಡು, ಪ್ರಾಣಿ, ಮರ ನೆಡುವುದು ಇರುವ ಆನ್‌ಲೈನ್ ಗೇಮ್ ಆಡುತ್ತಾಳೆ. ಹೊಡೆದಾಟ ಇಲ್ಲ. ಪರಿಸರದ ಬಗ್ಗೆ ಕಲಿಯುತ್ತಾಳೆ ಅಂತ ಬಿಟ್ಟಿದ್ದೇವೆ. ಸರಿ ತಾನೆ? (ಕೋರಮಂಗಲದ ಓದುಗರು)

ಸರಿಯಲ್ಲ. ಪರದೆ ಹಸಿರಾಗಿದ್ದ ಮಾತ್ರಕ್ಕೆ ಚಾಟ್‌ನಲ್ಲಿ ಮಾತಾಡಿಸುವವರೆಲ್ಲ ಒಳ್ಳೆಯವರಾಗಿರುವುದಿಲ್ಲ. ಆನಿಮಲ್ ಜಾಮ್ ನೋಡಿ. 2010ರಲ್ಲಿ ಶುರುವಾದದ್ದು, ನ್ಯಾಷನಲ್ ಜಿಯಾಗ್ರಫಿಕ್ ಜತೆ ಸೇರಿ ಮಕ್ಕಳಿಗೆಂದೇ ಮಾಡಿದ್ದು. ಆದರೂ 2020ರಲ್ಲಿ ಸುಮಾರು 4.6 ಕೋಟಿ ಖಾತೆಗಳ ಮಾಹಿತಿ ಕಳವಾಯಿತು. ಅದರಲ್ಲಿ ಅಪ್ಪ ಅಮ್ಮಂದಿರ ಇಮೇಲ್‌ಗಳೂ ಇದ್ದವು. ಅಷ್ಟು ದೊಡ್ಡ ಹೆಸರಿನ ಗೇಮ್ ಕಥೆಯೇ ಹೀಗಾದರೆ, ಮೊನ್ನೆ ಬಂದ ಯಾವುದೋ ಆ್ಯಪ್ ಅನ್ನು ಏನು ನಂಬುತ್ತೀರಿ? ಮಗುವಿನ ನಿಜವಾದ ಹೆಸರು, ಶಾಲೆ, ಅಪಾರ್ಟ್‌ಮೆಂಟ್ ಹೆಸರು ಯಾವುದೂ ಖಾತೆಯಲ್ಲಿ ಇರಬಾರದು. ಬ್ಯಾಂಕ್ ಕಾರ್ಡ್ ಅಂತೂ ಬೇಡವೇ ಬೇಡ. ಹದಿಮೂರು ದಾಟುವವರೆಗೆ ವಾಯ್ಸ್ ಚಾಟ್ ಕೂಡ ಬೇಡ. ನನ್ನದು ಅತಿ ಭಯ ಅನ್ನುವವರಿದ್ದಾರೆ. ಅನ್ನಲಿ.

ಇನ್ನು ಕಲಿಕೆಯ ಮಾತು. ಹಸಿರು ಗೇಮ್ ಅಂತ ಬರುವುದರಲ್ಲಿ ಹೆಚ್ಚಿನವು ಒಂದೇ ಥರ. ಒತ್ತಿದರೆ ಗಿಡ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ನಾಣ್ಯ ಬರುತ್ತದೆ. ಆ ನಾಣ್ಯದಲ್ಲಿ ನರಿಗೆ ಟೋಪಿ ಕೊಳ್ಳಬಹುದು. ನಾಣ್ಯ ಸಾಲದಿದ್ದರೆ ನಿಮ್ಮ ದುಡ್ಡು. ಮಗು ಅಲ್ಲಿ ಕಲಿಯುವುದು ಶಾಪಿಂಗ್.

ನಾನು ನೋಡುವುದು ಒಂದೇ ವಿಷಯ: ಮಗು ಮಾಡಿದ ಕೆಲಸದಿಂದ ಆಟದಲ್ಲಿ ಏನಾದರೂ ಕೆಡುತ್ತದಾ, ಕೆಟ್ಟರೆ ಅದರ ಏಟು ಇನ್ನೊಬ್ಬರಿಗೆ ಬೀಳುತ್ತದಾ? ಮಲ್ಟಿಪ್ಲೇಯರ್‌ನಿಂದ ಪ್ರಯೋಜನ ಇರುವುದೇ ಇಲ್ಲಿ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ತಾಣಕ್ಕೆ 2018ರಲ್ಲಿ ಬಂದ ಎಕೋ ಎಂಬ ಗೇಮ್ ಇದನ್ನು ಚೆನ್ನಾಗಿ ಮಾಡುತ್ತದೆ. ಸ್ಟ್ರೇಂಜ್ ಲೂಪ್ ಗೇಮ್ಸ್ ಮಾಡಿದ್ದು. ಮಾಮೂಲಿ ಆಟದಲ್ಲಿ ಮೂವತ್ತು ದಿನಕ್ಕೆ ಉಲ್ಕೆಯೊಂದು ಬಂದು ಬಡಿಯುತ್ತದೆ. ಅಷ್ಟರೊಳಗೆ ಎಲ್ಲರೂ ಸೇರಿ ಅದನ್ನು ಒಡೆಯುವಷ್ಟು ತಂತ್ರಜ್ಞಾನ ಬೆಳೆಸಬೇಕು. ಆತುರಪಟ್ಟರೆ ಉಲ್ಕೆ ಬರುವ ಮೊದಲೇ ನಾಡು ಹಾಳು. ಒಂದು ಜಾತಿಯ ಪ್ರಾಣಿಯನ್ನು ಪೂರ್ತಿ ಬೇಟೆಯಾಡಿ ಮುಗಿಸಿದರೆ ಮುಗಿಯಿತು, ಅದು ಮತ್ತೆ ಹುಟ್ಟುವುದಿಲ್ಲ. ಹೊಗೆ ಜಾಸ್ತಿಯಾದರೆ ಸಮುದ್ರ ಮೇಲೇರುತ್ತದೆ.

ಒಂದು ಅಪಾರ್ಟ್‌ಮೆಂಟ್ ಮಕ್ಕಳು ಇದನ್ನು ಆಡುವಾಗ ಪಕ್ಕದಲ್ಲಿ ಕೂತಿದ್ದೆ. ಒಬ್ಬ ಹುಡುಗ ಕಬ್ಬಿಣ ತೆಗೆದು, ಉಳಿದ ಅದಿರಿನ ಕಸವನ್ನು ಬಯಲಲ್ಲೇ ರಾಶಿ ಹಾಕಿದ. ಸುತ್ತಲಿನ ಮಣ್ಣು ಕೆಟ್ಟಿತು. ಪಕ್ಕದಲ್ಲೇ ಒಬ್ಬಳ ಹೊಲ ಇತ್ತು, ಬೆಳೆ ಸೊರಗಿತು. 'ನಿಂಗೇನು, ನಿನ್ನ ಜಾಗದಲ್ಲಿ ಹಾಕಿಲ್ವಲ್ಲ' ಅಂದ ಇವನು. 'ಗ್ರಾಫ್ ನೋಡು' ಅಂದಳು ಅವಳು, ಆಟವೇ ತೋರಿಸುವ ಮಾಲಿನ್ಯದ ಲೆಕ್ಕದತ್ತ ಬೆರಳು ಮಾಡಿ. ಜಗಳ ಆಯಿತು. ಕೊನೆಗೆ ವೋಟು ಹಾಕಿ ಕಾನೂನು ಮಾಡಿದರು: ಹೊಲ ಇರುವ ಕಡೆ ಕಸ ಸುರಿಯುವಂತಿಲ್ಲ. ಆಮೇಲೆ ಅಲ್ಲಿ ಸುರಿಯಲು ಆಟವೇ ಬಿಡಲಿಲ್ಲ. ಕುದುರೆಮುಖದಲ್ಲಿ ಲಕ್ಯಾ ಅಣೆಕಟ್ಟು ಕಟ್ಟಿದ್ದು ಇಂಥದೇ ಅದಿರಿನ ಕೆಸರನ್ನು ಹಿಡಿದಿಡಲು ಅಂತ ಅವತ್ತು ಹೇಳಿದಾಗ ಮಕ್ಕಳು ಕಿವಿಗೊಟ್ಟು ಕೇಳಿದರು. ಇದನ್ನೇ ಪಾಠದಲ್ಲಿ ಹೇಳಿದ್ದರೆ ಆಕಳಿಸುತ್ತಿದ್ದರು.

ನೀವು ಕೋರಮಂಗಲದವರು. ಬೆಳ್ಳಂದೂರು ಕೆರೆಯಲ್ಲಿ ನೊರೆ ಯಾಕೆ ಅಂತ ಮಗಳನ್ನೇ ಕೇಳಿ. 'ಜನ ಕಸ ಹಾಕ್ತಾರೆ' ಅನ್ನುತ್ತಾಳೆ, ನೋಡಿ. ನಿಜವಾಗಿ, ಡಿಟರ್ಜೆಂಟ್ ಬೆರೆತ ಕೊಳಚೆ ನೀರು ಶುದ್ಧವಾಗದೆ ಕೆರೆ ಸೇರುತ್ತದೆ, ಕೋಡಿಯಲ್ಲಿ ಧುಮುಕಿದಾಗ ನೊರೆ ಏಳುತ್ತದೆ. ನಿಮ್ಮ ಕಡೆಯ ರಾಜಕಾಲುವೆ ಹೋಗುವುದೂ ಅಲ್ಲಿಗೇ. ಮೇಲಿನ ಮನೆಯವರು ಬಿಟ್ಟದ್ದು ಕೆಳಗಿನ ಮನೆಯವರಿಗೆ ತಾಗುತ್ತದೆ ಅನ್ನುವ ಈ ಲೆಕ್ಕ ಅರ್ಥ ಮಾಡಿಸುವ ಗೇಮ್ ಇದ್ದರೆ ಆಡಿಸಿ.

ಎಕೋ ಅಂತ ಹೇಳಿದೆ ಅಂತ ಇವತ್ತೇ ಕೊಡಿಸಿ ಕೈ ತೊಳೆದುಕೊಳ್ಳಬೇಡಿ. ಅದು ಫೋನ್ ಗೇಮ್ ಅಲ್ಲ, ಒಳ್ಳೆ ಕಂಪ್ಯೂಟರ್ ಬೇಕು. ಪುಟ್ಟ ಮಕ್ಕಳಿಗೆ ಮಾಡಿದ್ದೂ ಅಲ್ಲ. ಯಾರು ಬೇಕಾದರೂ ಬಂದು ಆಡಬಹುದಾದ ಸಾರ್ವಜನಿಕ ಸರ್ವರ್‌ಗಳಲ್ಲಿ ದೊಡ್ಡವರೂ ಇರುತ್ತಾರೆ. ಗೊತ್ತಿರುವ ನಾಲ್ಕಾರು ಮಕ್ಕಳಿಗೆ ಪಾಸ್‌ವರ್ಡ್ ಇರುವ ಸರ್ವರ್ ಮಾಡಿಕೊಡಿ. ಕಂಪ್ಯೂಟರ್ ಹಾಲ್‌ನಲ್ಲಿರಲಿ. ಮೊದಲ ಕೆಲವು ದಿನ ನೀವೂ ಆಡಿ. ಟೈಮಿಲ್ಲ ಅನ್ನುವುದಾದರೆ ಈ ಗೇಮ್ ಬೇಡ.

ಪ್ರಶ್ನೆ: 'ನೀವು ಆಡಿದಷ್ಟೂ ನಿಜವಾದ ಮರ ನೆಡುತ್ತೇವೆ' ಅನ್ನುತ್ತದೆ ಒಂದು ಗೇಮ್ ಕಂಪನಿ. ನಂಬಬಹುದಾ?

ಯಾವ ಊರಲ್ಲಿ, ಯಾವ ಜಾತಿಯ ಮರ, ಮೂರು ವರ್ಷದ ಮೇಲೆ ಎಷ್ಟು ಬದುಕಿವೆ ಅಂತ ಕೇಳಿ. ಉತ್ತರ ಬರದಿದ್ದರೆ ಅದು ಜಾಹೀರಾತು.

ಪ್ರಶ್ನೆ: ಆನ್‌ಲೈನ್ ಗೇಮ್ ಎಲ್ಲ ಬ್ಯಾನ್ ಆಗಿದೆಯಂತೆ?

2025ರ ಕಾನೂನು ನಿಷೇಧಿಸಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ವಾಟ್ಸ್‌ಆಪ್ ಫಾರ್ವರ್ಡ್ ನಂಬುವುದನ್ನು ಬಿಡಿ.

ಪ್ರಶ್ನೆ: ಪರದೆಯ ನೀಲಿ ಬೆಳಕು ತಡೆಯುವ ಬ್ಲೂ ಲೈಟ್ ಕನ್ನಡಕ ಕೊಡಿಸಲಾ?

ಬೇಡ. ಕಣ್ಣಿನ ಆಯಾಸ ಅದರಿಂದ ತಗ್ಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆ ದುಡ್ಡಲ್ಲಿ ಶಟಲ್ ಬ್ಯಾಟ್ ಕೊಡಿಸಿ ಹೊರಗೆ ಕಳಿಸಿ.

ಪ್ರಶ್ನೆ: ಏಳು ದಿನದಲ್ಲಿ ಗೇಮ್ ಚಟ ಬಿಡಿಸುತ್ತೇವೆ ಅಂತ ಒಬ್ಬರು ಪುಡಿ ಕೊಡುತ್ತಿದ್ದಾರೆ. ಕೊಡಿಸೋಣವಾ?

ಪುಡಿ ಕಸಕ್ಕೆ ಹಾಕಿ. ಅದೂ ಹಸಿ ಕಸಕ್ಕೆ ಬೇಡ, ಒಳಗೇನಿದೆಯೋ ಯಾರಿಗೆ ಗೊತ್ತು! ಊಟಕ್ಕೆ ಕರೆದಾಗ 'ಐದು ನಿಮಿಷ' ಅನ್ನುವುದು ಚಟ ಅಲ್ಲ. ನಿದ್ದೆ, ಶಾಲೆ, ಗೆಳೆಯರು ಎಲ್ಲವನ್ನೂ ಬಿಟ್ಟು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ತಿಂಗಳುಗಟ್ಟಲೆ ನಿಲ್ಲಿಸಲಾಗದಿದ್ದರೆ ಅದು ಚಿಂತೆಯ ವಿಷಯ. ಅದಕ್ಕೆಂದೇ ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಹೋಗುವಾಗ ನಿಮ್ಮ ಫೋನಿನ ಸ್ಕ್ರೀನ್ ಟೈಮ್ ಕೂಡ ನೋಡಿಕೊಂಡು ಹೋಗಿ. ಕೇಳಿದರೂ ಕೇಳಬಹುದು.